ಸೊನ್ನೆ ತಲುಪದ ಜಾಗ

ಅದೊಸಿಂದಾ ಅದನ್ನು ತಂದದ್ದು ಅಡುಗೆಮನೆಯ ಟವೆಲಿನಲ್ಲಿ ಸುತ್ತಿ,
ಗೂಡಿನಿಂದ ಬಿದ್ದ ಮರಿಯನ್ನು ತರುವ ಹಾಗೆ.
ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿದೆ.
ಲೊಚ್. ಲೊಚ್. ಸ್ವಲ್ಪ ಹೊತ್ತು ಸುಮ್ಮನೆ. ಲೊಚ್.
ಸೆತುಬಾಲಿನ ನಮ್ಮ ಗಲ್ಲಿಯ ಗೋಡೆಗಳಲ್ಲೂ ಹಲ್ಲಿಗಳಿವೆ,
ಅವು ಇಷ್ಟೊಂದು ಹೇಳುವುದಿಲ್ಲ.

"ಬೆಲ್ಮೀರು, ವಾರಂಟಿ ಇನ್ನು ಒಂಬತ್ತು ದಿನ ಇದೆ.
ವಾಪಸು ಕಳಿಸಿದರೆ ಹೊಸದು ಕೊಡುತ್ತಾರಂತೆ, ಪುಕ್ಕಟೆ.
ಆದರೆ ಒಳಗಿರುವುದು ಹೋಗಕೂಡದು."
ಒಳಗೇನಿದೆ ಎಂದು ನಾನು ಕೇಳಲಿಲ್ಲ.
ಮೀನು ಡಬ್ಬಿಯ ಹಳೇ ಕಾರ್ಖಾನೆಯ ಹಿಂದೆ
ಹೆಸರಿನ ಹಲಗೆಯಿಲ್ಲದ ಮನೆ ಅವಳು ನಡೆಸುವುದು;
ರಾತ್ರಿ ಎರಡಕ್ಕೆ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು
ಚಪ್ಪಲಿ ಮೆಟ್ಟದೆ ಬಂದ ಹೆಂಗಸರು
ಅಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂರುವುದಿಲ್ಲ.

ಕಂಪನಿಯ ಪತ್ರ ಬಹಳ ಸಭ್ಯವಾಗಿತ್ತು:
ಚೀಟಿ ಹರಿದಿರಬಾರದು, ಸ್ಕ್ರೂ ತಿರುಗಿರಬಾರದು,
ಮೈಮೇಲೆ ಒಂದು ಗೀರೂ ಇರಬಾರದು.
"ಗೀರಿದ್ದರೆ ಇವರು ನಂಬುವುದಿಲ್ಲ,
ಗೀರಿಲ್ಲದಿದ್ದರೆ ಠಾಣೆಯವರು ನಂಬುವುದಿಲ್ಲ,"
ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಸೊನ್ನೆ ಬರೆಯಲು ಹಚ್ಚಿದೆ.
ಇಲ್ಲಿ ಅಳಿಸುವುದೆಂದರೆ ಒರೆಸುವುದಲ್ಲ, ಬರೆಯುವುದೇ.
ಇದ್ದ ಮಾತಿನ ಮೇಲೊಂದು ಸೊನ್ನೆ, ಪಕ್ಕಕ್ಕೆ ಮತ್ತೊಂದು,
ಮೇಷ್ಟ್ರು ಕೊಟ್ಟ ಶಿಕ್ಷೆಯನ್ನು ಹುಡುಗ ಬರೆಯುವ ಹಾಗೆ
ಕೊನೆಯ ಪುಟದ ಕೊನೆಯ ಸಾಲಿನವರೆಗೆ.
ಗಟ್ಟಿಮುಟ್ಟಾದ ಡಿಸ್ಕಿಗೆ ಎರಡು ಗಂಟೆಯ ಕೆಲಸ.
ಇದು ಮೂರು ದಿನ ತಿಂದಿತು.
ತೊದಲಿತು, ಕಾದಿತು, ಪಂಕ್ತಿಯಿಂದ ಎದ್ದು ಹೋದವರಂತೆ ಕಾಣೆಯಾಗಿ
ಮತ್ತೆ ಬಂದು ಕೂತಿತು.
ಎದುರು ಹೋಟೆಲಿನ ಸಾರ್ಡೀನು ಹೊಗೆಯಲ್ಲಿ ಅಂಗಡಿ ಮುಳುಗಿತ್ತು;
ಇದ್ದ ಒಂದು ಫ್ಯಾನನ್ನು ಅದರ ಕಡೆ ತಿರುಗಿಸಿ
ನಾನು ಬೆವರಿದೆ.

ನಾಲ್ಕನೆಯ ಬೆಳಗ್ಗೆ ಪರದೆ ಹೇಳಿತು: ಮುಗಿಯಿತು.
ಕೆಳಗೆ ಸಣ್ಣಕ್ಷರದಲ್ಲಿ: ನಲವತ್ತೇಳು ಕಡೆ ಬರೆಯಲಾಗಲಿಲ್ಲ.

ಡಿಸ್ಕಿನ ಸ್ವಭಾವವೇ ಹಾಗೆ, ಅವಳಿಗೆ ವಿವರಿಸಿದೆ,
ಪೆಟ್ಟಾದ ಜಾಗಕ್ಕೆ ತಾನೇ ಬೇಲಿ ಹಾಕಿಕೊಳ್ಳುತ್ತದೆ,
ಆಮೇಲೆ ಯಾರನ್ನೂ ಬಿಟ್ಟುಕೊಳ್ಳದು, ಓದುವವರನ್ನೂ ಅಳಿಸುವವರನ್ನೂ.
ಒಳಗೆ ಏನೂ ಇಲ್ಲದಿರಬಹುದು.
ಹೋದ ವರ್ಷದ ಹಾಲಿನ ಲೆಕ್ಕವಿರಬಹುದು.
ಒಂದು ಬೀದಿಯ ಹೆಸರು, ಮನೆ ನಂಬರಿನ ಸಮೇತ, ಇದ್ದರೂ ಇರಬಹುದು.
ನಮ್ಮ ಕೈಗಂತೂ ಸಿಗದು. ಸಲಕರಣೆಯಿದ್ದು, ಸಮಯವಿದ್ದು,
ಹಠವೂ ಇರುವ ಯಾರಿಗಾದರೂ ಸಿಕ್ಕೀತು.

"ಹಠ," ಎಂದಳು ಅದೊಸಿಂದಾ.
ಮುಂದೆ ಮಾತಿಲ್ಲ. ಪರ್ಸು ತೆರೆದು ಎಣಿಸತೊಡಗಿದಳು.
ಹೊಸದಕ್ಕೆ ತೊಂಬತ್ತು ಯೂರೋ.
ನೋಟು ಮೂರು, ಉಳಿದದ್ದೆಲ್ಲ ಚಿಲ್ಲರೆ.

ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಕಬ್ಬಿಣ ಕೊರೆದವನು ನಾನು.
ಡ್ರಿಲ್ಲು ಎತ್ತಿಕೊಂಡೆ. "ಇಲ್ಲಿ ಕೊಡಿ," ಎಂದಳು.
ಕಣ್ಣಿಗೆ ಕನ್ನಡಕ ಹಾಕಿಸಿದೆ, ಒಳಗಿನ ತಟ್ಟೆ ಗಾಜಿನದಾದರೆ ಸಿಡಿಯುತ್ತದೆ.
ಮೊದಲ ತೂತಿಗೆ ಚೀಟಿ ಹರಿಯಿತು, ವಾರಂಟಿ ಅಲ್ಲಿಗೆ ಸತ್ತಿತು.
ಎರಡನೆಯದಕ್ಕೆ ಮುಚ್ಚಳ ಸೀಳಿ ಒಳಗು ಕಂಡಿತು,
ಏನು ನುಣುಪು! ಅಷ್ಟಗಲದಲ್ಲಿ ಅವಳ ಗಲ್ಲ,
ನನ್ನ ಟ್ಯೂಬ್‌ಲೈಟಿನ ಒಂದು ತುಂಡು.
ಮೂರು, ನಾಲ್ಕು, ಐದು. ಸಾಕು ಎಂದೆ.
ಅವಳು ಏಳರವರೆಗೆ ಹೋದಳು.
ಮೇಜಿನ ಮೇಲೆ ಬಿದ್ದ ಬೆಳ್ಳಿ ಪುಡಿಯನ್ನು
ತಂದಿದ್ದ ಟವೆಲಿನಿಂದಲೇ ಒತ್ತಿ ಒರೆಸಿ, ಕೊಡವದೆ, ಮಡಿಚಿ ಒಯ್ದಳು.

ಕಂಪನಿ ಕಳಿಸಿದ್ದ ಪೆಟ್ಟಿಗೆ ಉಳಿಯಿತು,
ಅಳತೆಗೆ ಕತ್ತರಿಸಿದ ಸ್ಪಂಜಿನ ಗುಳಿ ಸಮೇತ.
ಡ್ರಿಲ್ಲಿನ ಮೊನೆಗಳನ್ನು ಈಗ ಅದರಲ್ಲೇ ಇಡುತ್ತೇನೆ.

ಒಂಬತ್ತನೆಯ ದಿನ ಅವರ ವಿಚಾರಣೆ ಬಂತು:
ನಿಮ್ಮ ಡಿಸ್ಕು ಇನ್ನೂ ತಲುಪಿಲ್ಲ, ಕಳಿಸುತ್ತೀರಾ?
ಇಲ್ಲ ಎಂಬಲ್ಲಿ ಗುರುತು ಹಾಕಿದೆ.
ಕಾರಣ ಕೇಳುವ ಖಾನೆಯನ್ನು
ಖಾಲಿ ಬಿಟ್ಟೆ.